ನಮ್ಮ ಭಾವನ ಎರಡು ಸೀಟಿನ ಕಾರು

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್, ಕೊಳ್ಳೇಗಾಲ ಡಿಪೋ. ಅಮಾವಾಸ್ಯೆ ದಿನ ಮಹದೇಶ್ವರ ಬೆಟ್ಟದ ಬಸ್ಸಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ ಇರುತ್ತಾರೆ. ಅಂಥ ನೂಕುನುಗ್ಗಲಿನಲ್ಲೂ ಬಸುರಿಯರಿಗೆ, ಮುದುಕರಿಗೆ, ಹರಕೆ ಕೋಳಿ ತಬ್ಬಿಕೊಂಡು ನಿಂತ ಹೆಂಗಸರಿಗೆ ಹೇಗೋ ಸೀಟು ಮಾಡಿಕೊಟ್ಟವನು ನಾನು. ಆದರೆ ನನ್ನ ಸ್ವಂತ ಭಾವನ ಕಾರಿನಲ್ಲಿ ನನಗೆ ಸೀಟು ಸಿಕ್ಕಿದ್ದು ಒಂದೇ ಸಲ, ಅದೂ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಕೋಪ ಇಲ್ಲವಾ ಅಂದರೆ ಇದೆ. ಆದರೂ ಈ ಕತೆ ಹೇಳುತ್ತೇನೆ, ಏಕೆಂದರೆ ಅಂಥ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಭಾವನ ಹೆಸರು ಬಸವಯ್ಯ. ಅರವತ್ತು ದಾಟಿದೆ, ಇನ್ನೂ ರೇಷ್ಮೆ ಸೀರೆ ನೇಯುತ್ತಾರೆ. ನಮ್ಮದೂ ನೇಯುವ ಮನೆಯೇ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವ ತಾಳ್ಮೆ ನನಗಿಲ್ಲ ಅಂತ ನಾನು ಬಸ್ಸು ಹತ್ತಿದೆ. ಭಾವನ ತಾಳ್ಮೆ ಬೇರೆ ತರದ್ದು. ನಾಲ್ಕು ಜರಿ ಎಳೆ ಸಿಕ್ಕಾದರೆ ಸಾಕು, ಅದನ್ನು ಬಿಡಿಸುತ್ತ ಊಟವನ್ನೇ ಮರೆಯುತ್ತಾರೆ. ಕತ್ತರಿ ತಗೊಂಡು ಕತ್ತರಿಸಿದ್ದನ್ನು ಯಾರೂ ನೋಡಿಲ್ಲ. ನಮ್ಮ ಅಕ್ಕ ದೇವೀರಮ್ಮ ಅವರ ಹೆಂಡತಿ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು, ಹಾಸಿಗೆ ಗಂಜಿ ಹಾಕುವುದು ಎಲ್ಲ ಅವಳದೇ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ದಾರ. ಗಂಜಿ ಕುಡಿಸಿ ಒಣಗಿಸಿದರೆ ಅದು ಗಟ್ಟಿಯಾಗಿ, ನೇಯುವಾಗ ಕಿತ್ತುಹೋಗುವುದಿಲ್ಲ.

ದೇವಾಂಗ ಪೇಟೆಯ ಅವರ ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಒಟ್ಟಿಗೇ ಇದ್ದಾರೆ. ಹಜಾರದಲ್ಲಿ ಮಗ್ಗ, ನಡುಮನೆಯಲ್ಲಿ ಮಗ್ಗ, ಪಕ್ಕದ ಗೋಡೆಯಾಚೆ ಈಗ ಪವರ್‌ಲೂಮು ಬೇರೆ. ಬೆಳಗಿನಿಂದ ಸಂಜೆಯವರೆಗೆ ಟಕಟಕ. ಆ ಮನೆಯಲ್ಲಿ ಗುಟ್ಟು ಅನ್ನುವುದೇ ಇಲ್ಲ. ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ, ಕೇಳಿಸುವ ಹಾಗೆ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. ಮದುವೆಯಾದ ಹೊಸದರಲ್ಲಿ ಭಾವ ಒಂದು ದಿನ ಮಗ್ಗದ ಮುಂದೆ ಕೂತು, "ತಲೆನೋವು ಓಯ್ತಾ?" ಅಂತ ಅಕ್ಕನನ್ನು ಕೂಗಿ ಕೇಳಿದರಂತೆ. ಎದುರು ಮನೆ ಮಹಾಲಕ್ಷ್ಮಮ್ಮ ಜಗಲಿಯ ಮೇಲಿಂದಲೇ, "ಓಯ್ತು ಕಣಪ್ಪ, ನಾನೇ ಸುಂಟಿ ಅಚ್ದೆ" ಅಂತ ಉತ್ತರ ಕೊಟ್ಟಳಂತೆ. ಅವತ್ತಿನಿಂದ ಭಾವ ನಾಲ್ಕು ಜನರ ಮುಂದೆ ಹೆಂಡತಿಯನ್ನು ಏನೂ ಕೇಳುವುದನ್ನೇ ಬಿಟ್ಟರು. ಹೆಸರು ಹಿಡಿದು ಕರೆಯುವುದಂತೂ ದೂರದ ಮಾತು. "ಏ ಇವ್ಳೇ, ಕಂಡಿಕೆ" ಅನ್ನುವರು. ಅವಳು ಕೊಡುವಳು. ಹಾಗೆಯೇ ಮಕ್ಕಳಾದರು, ಬೆಳೆದರು, ಮದುವೆಯಾಗಿ ಹೋದರು.

ಮೊದಲು ಅವರ ಹತ್ತಿರ ಒಂದು ಹಳೇ ಓಮ್ನಿ ಇತ್ತು. ಹೆಂಡತಿಯನ್ನು ಕೂರಿಸಿಕೊಂಡು ಹೊರಟರೆ ಬೀದಿ ತಿರುಗುವುದರೊಳಗೆ ಅದು ತುಂಬಿಹೋಗುತ್ತಿತ್ತು. ಒಬ್ಬರಿಗೆ ಆಸ್ಪತ್ರೆ, ಒಬ್ಬರಿಗೆ ಬೀಗರ ಮನೆ, ಇನ್ನೊಬ್ಬರಿಗೆ ಸುಮ್ಮನೆ ಗಾಳಿ. ನಾನೂ ಹತ್ತಿದ್ದೇನೆ, ಸುಳ್ಳು ಯಾಕೆ.

ಆಮೇಲೆ ಒಂದು ದಿನ ಭಾವ ಸೀರೆ ಕೊಡಲು ಮೈಸೂರಿನ ಅಂಗಡಿಗೆ ಹೋದಾಗ, ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲ್ ಹೊದಿಸಿ ನಿಲ್ಲಿಸಿದ್ದ ಒಂದು ಕಾರು ಕಣ್ಣಿಗೆ ಬಿತ್ತು. ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು. ನೆಲಕ್ಕೆ ಅಂಟಿಕೊಂಡ ಹಾಗೆ ಕುಳ್ಳಗೆ ಇದೆ, ಮೇಲಿನ ಟಾಪನ್ನು ಮಡಿಸಿ ಹಿಂದಕ್ಕೆ ಹಾಕಬಹುದು. ಅದನ್ನು ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಅಂಗಡಿ ಯಜಮಾನರು ಹರೆಯದಲ್ಲಿ ಆಸೆಪಟ್ಟು ಕೊಂಡು, ಹೊಟ್ಟೆ ಬಂದ ಮೇಲೆ ಒಳಗೆ ಕೂರಲಾಗದೆ ಬಿಟ್ಟಿದ್ದರು. ಭಾವ ಓಡುತ್ತದಾ ಅಂತ ಕೇಳಲಿಲ್ಲ, ಪೆಟ್ರೋಲ್ ಎಷ್ಟು ಕುಡಿಯುತ್ತದೆ ಅಂತಲೂ ಕೇಳಲಿಲ್ಲ.

"ಎಷ್ಟ್ ಜನ ಕೂರ್ಬೋದು ಸಾ?" ಅಂದರು.

"ಇಬ್ರೇ ಕಣಯ್ಯ."

"ಒತ್ತರಿಸ್ಕಂಡು ಕೂತ್ರೆ?"

"ಒಂದ್ ಮಗೂನೂ ಕೂರ್ಸೋಕಾಗಲ್ಲ."

"ಅಂಗಾದ್ರೆ ನಂಗೇ ಕೊಡಿ ಸಾ" ಅಂದರು ಭಾವ. ಓಮ್ನಿ ಮಾರಿ, ಕೈಯಲ್ಲಿದ್ದದ್ದನ್ನು ಸೇರಿಸಿ ಅದನ್ನು ತಂದೇಬಿಟ್ಟರು. ಅರವತ್ತು ವರ್ಷದಲ್ಲಿ ತಮ್ಮ ಆಸೆಗೆ ಅಂತ ಅವರು ಕೊಂಡ ವಸ್ತು ಅದೊಂದೇ. ಬೀದಿಯೆಲ್ಲ ನಕ್ಕಿತು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಅಮಾವಾಸ್ಯೆ ದಿನ ಮಗ್ಗಕ್ಕೆ ರಜ. ಅವತ್ತು ಬೆಳಿಗ್ಗೆ ಇಬ್ಬರೂ ಸ್ನಾನ ಮಾಡಿ, ಟಾಪು ಮಡಿಸಿ, ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಡುವರು. ಅಕ್ಕ ಸೆರಗನ್ನು ತಲೆಗೆ ಬಿಗಿದುಕೊಂಡು ಮುಂದೆ ನೋಡುತ್ತ ಕೂರುವಳು. ಬೆಟ್ಟದಲ್ಲಿ ರಂಗಪ್ಪನಿಗೆ ಕೈಮುಗಿದು, ಕಟ್ಟಿಕೊಂಡು ಹೋದ ಚಿತ್ರಾನ್ನ ತಿಂದು ಸಂಜೆಗೆ ವಾಪಸ್ಸು. "ದಾರಿಯಲ್ಲಿ ಏನು ಮಾತಾಡ್ತೀರಕ್ಕ?" ಅಂತ ಒಮ್ಮೆ ಕೇಳಿದೆ. "ಏನಿಲ್ಲ ಕಣ್ಲಾ, ಸುಮ್ನೆ" ಅಂದಳು. ಆದರೆ ಹಾಗೆ ಅನ್ನುವಾಗ ಅವಳ ಮುಖ ಹದಿನಾರರ ಹುಡುಗಿಯದಾಗಿತ್ತು. ಇನ್ನೊಂದು ಸಲ ನನಗೆ ಬೇರೆ ರೂಟಿನ ಡ್ಯೂಟಿ ಬಿದ್ದು, ಯಳಂದೂರು ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಡುತ್ತಿದ್ದಾಗ ಆ ಕಾರು ಬಸ್ಸಿನ ಪಕ್ಕದಲ್ಲೇ ನಿಧಾನಕ್ಕೆ ಹಾದುಹೋಯಿತು. "ದೇವಿ, ಅಲ್ನೋಡು" ಅಂತಿದ್ದರು ಭಾವ. ಅಕ್ಕನ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಟಿಕೆಟ್ ಮೆಷಿನ್ ಒತ್ತುವುದನ್ನು ಮರೆತು ನಿಂತೆ. ಆಮೇಲೆ ಆ ಕಾರಿನ ವಿಷಯಕ್ಕೆ ನಾನು ನಕ್ಕಿಲ್ಲ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಕಾರು ಸೋರಲು ಶುರುವಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಚಕ್ರದ ನಡುವೆ ನೆಲದ ಮೇಲೆ ಹಸಿರು ನೀರು. ರೇಡಿಯೇಟರ್ ಹಳೆಯದಾಗಿ ಎಲ್ಲೋ ತೂತು ಬಿದ್ದಿತ್ತು. ಭಾವ ದಿನಾ ಮುಚ್ಚಳ ಬಿಚ್ಚಿ, ಚೊಂಬಿನಲ್ಲಿ ನೀರು ಹುಯ್ದು, ಜಗಲಿ ಮೇಲೆ ಸಪ್ಪಗೆ ಕೂರುವರು. ಕಂಪನಿಯೇ ಇಲ್ಲದ ಕಾರಿಗೆ ಬಿಡಿಭಾಗ ಎಲ್ಲಿ ತರುವುದು? ಹೀಗೇ ಒಂದು ಅಮಾವಾಸ್ಯೆ ಬಂತು. ಅವತ್ತು ಬೆಳಿಗ್ಗೆ ನೋಡಿದರೆ ನೆಲ ಒಣಗಿದೆ! ಭಾವನಿಗೆ ಖುಷಿಯೋ ಖುಷಿ. ತೂತು ತಾನಾಗಿಯೇ ಮುಚ್ಚಿಕೊಂಡಿರಬೇಕು ಅಂತ ಹೊರಟೇಬಿಟ್ಟರು.

ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬೆಟ್ಟದ ಏರು ಹತ್ತುವಾಗ ಕಾರು ಕುದಿಯಿತು. ಬಿಸಿಯ ಮುಳ್ಳು ಕೆಂಪಿಗೆ ಹೋಗಿ ಕೂತಿತು, ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿತು. ಅಕ್ಕ ಹೆದರಿ ರಸ್ತೆಗೆ ಹಾರಿದಳು. ಪುಣ್ಯಕ್ಕೆ ಇಬ್ಬರಿಗೂ ಏನೂ ಆಗಲಿಲ್ಲ. ಒಂದು ಗೂಡ್ಸ್ ಗಾಡಿಗೆ ಹಗ್ಗ ಕಟ್ಟಿ ಕಾರನ್ನು ಊರಿಗೆ ಎಳೆತಂದರು. ಮನೆ ಬಾಗಿಲಲ್ಲಿ ಇಳಿದವಳೇ ಅಕ್ಕ, "ನಾನಿನ್ ಆ ಕಾರ್ ಅತ್ತಾಕಿಲ್ಲ. ನೀವ್ ಬೇಕಾರೆ ಓಗಿ" ಅಂದು ಒಳಗೆ ಹೋದಳು.

ಒಂದು ಅಮಾವಾಸ್ಯೆ ಕಳೆಯಿತು, ಮತ್ತೊಂದೂ ಕಳೆಯಿತು. ಮನೆಯಲ್ಲಿ ಇಬ್ಬರ ನಡುವೆ "ಏ ಇವ್ಳೇ, ಕಂಡಿಕೆ" ಬಿಟ್ಟರೆ ಬೇರೆ ಮಾತಿಲ್ಲ. ಮುಂಚೆಯೂ ಇರಲಿಲ್ಲ, ಆದರೆ ಮುಂಚೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಅಕ್ಕ ಕಾರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ನೀರಿಗೆ ಹೋಗುವಾಗ ಅದನ್ನು ಸುತ್ತಿ ಹಾಯುವಳು. ನನಗೆ ಸಂಕಟವಾಯಿತು. ಇಷ್ಟು ವಯಸ್ಸಾದ ಮೇಲೆ ಸಿಕ್ಕ ಸಣ್ಣ ಸುಖ ಅದು.

"ರೇಡಿಯೇಟರ್ ಬದ್ಲಾಯ್ಸಾನ ಕಣ್ಲಾ ಉಮೇಶ" ಅಂದರು ಭಾವ ಒಂದು ದಿನ ನನ್ನ ಹತ್ತಿರ. "ಎಂದೂ ಕುದೀದೇ ಇರೋ ಅಂತದ್ ಆಕ್ಸಾನ. ಕುದ್ಯಾಕಿಲ್ಲ ಅಂತ ಗೊತ್ತಾದ್ರೆ ಅವ್ಳು ಬತ್ತಳೆ."

ರೇಡಿಯೇಟರ್ ಅಂದರೆ ಹನೂರಿನ ಮುತ್ತಯ್ಯ. ಮಹದೇಶ್ವರ ಬೆಟ್ಟ ಹತ್ತುವ ಲಾರಿ, ಟೆಂಪೋಗಳಿಗೆಲ್ಲ ರಸ್ತೆ ಬದಿಯ ಅವನ ಶೆಡ್ಡೇ ಗತಿ. ಅವನ ಅಪ್ಪ ಗಡಿಯಾಚೆಯಿಂದ ಬಂದವನು, ಹಾಗಾಗಿ ಅವನ ಕನ್ನಡದಲ್ಲಿ ಆಗಾಗ ತಮಿಳು ಇಣುಕುತ್ತದೆ. ಭಾವ ಹಳೇ ರೇಡಿಯೇಟರನ್ನು ಬಿಚ್ಚಿಸಿ, ಅಕ್ಕನ ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತರು. ಪಕ್ಕದ ಸೀಟಿನ ಅಜ್ಜಿ ಬಗ್ಗಿ ನೋಡಿ, "ಮಗ ಮಲಗದಾ?" ಅಂತ ಕೇಳಿದಳು. ನಮ್ಮದೇ ಡಿಪೋದ ಕಂಡಕ್ಟರ್ ರಂಗಸ್ವಾಮಿ ಸೆರಗು ಸರಿಸಿ ನೋಡಿ, "ಇದ್ಕೆ ಲಗೇಜ್ ಟಿಕೆಟ್ ಆಯ್ತದೆ" ಅಂದ. ನಾನು ಪಕ್ಕದಲ್ಲೇ ಕೂತಿದ್ದರೂ ಬಿಡಲಿಲ್ಲ. ಎಷ್ಟು ಸಲ ಅವನ ಡ್ಯೂಟಿ ನಾನು ಮಾಡಿಕೊಟ್ಟಿದ್ದೇನೆ, ಕೃತಘ್ನ.

ದಾರಿಯುದ್ದಕ್ಕೂ ಭಾವ ರೇಡಿಯೇಟರಿನ ಬಗ್ಗಿದ ತೆಳು ಪಟ್ಟಿಗಳನ್ನು ಹೇರ್‌ಪಿನ್ನಿನಿಂದ ಒಂದೊಂದಾಗಿ ನೆಟ್ಟಗೆ ಮಾಡುತ್ತಿದ್ದರು. ಮಗ್ಗದಲ್ಲಿ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಅಚ್ಚಿನ ಹಲ್ಲನ್ನೂ ಅವರು ಹೀಗೆಯೇ ಸರಿಮಾಡುವುದು. ಎಸೆಯುವ ವಸ್ತುವಿಗೆ ಇಷ್ಟು ಉಪಚಾರ ಯಾಕೆ ಅಂದೆ. "ಕೈ ಸುಮ್ಕಿರಾಕಿಲ್ಲ ಕಣ್ಲಾ" ಅಂದರು.

ಮುತ್ತಯ್ಯ ಮೂರು ದಾರಿ ಹೇಳಿದ. ಒಂದು, ಬೇರೆ ಯಾವುದೋ ಸಣ್ಣ ಕಾರಿನ ಹೊಸ ರೇಡಿಯೇಟರ್. ಅಲ್ಯೂಮಿನಿಯಂ ಜಾಲರಿ, ಮೇಲೆ ಕೆಳಗೆ ಪ್ಲಾಸ್ಟಿಕ್ ಟ್ಯಾಂಕು. ಹಗುರ, ಸಲೀಸಾಗಿ ಸಿಗುತ್ತದೆ, ಕ್ಲಾಂಪು ಮಾತ್ರ ಬದಲಾಯಿಸಿ ಕೂರಿಸಬೇಕು. ಎರಡು, ಕೊಯಮತ್ತೂರಿನಿಂದ ಅಳತೆ ಕೊಟ್ಟು ಮಾಡಿಸಿ ತರಿಸುವುದು. ಪೂರ್ತಿ ಅಲ್ಯೂಮಿನಿಯಂ, ವೆಲ್ಡಿಂಗ್ ಮಾಡಿದ್ದು, ರೇಸಿಗೆ ಓಡಿಸುವವರು ಹಾಕಿಸುವಂಥದ್ದು. ಮೂರು, ಇದೇ ಹಳೇ ಹಿತ್ತಾಳೆ ಟ್ಯಾಂಕುಗಳನ್ನು ಇಟ್ಟುಕೊಂಡು ನಡುವೆ ತಾಮ್ರದ ಕೊಳವೆಗಳ ಹೊಸ ಜಾಲರಿ, ಅಂದರೆ ಕೋರ್, ಬೆಸೆಯುವುದು. ಭಾರ ಜಾಸ್ತಿ, ಕೆಲಸವೂ ಜಾಸ್ತಿ.

ಎರಡನೆಯದರ ಫೋಟೋವನ್ನು ಮುತ್ತಯ್ಯ ಮೊಬೈಲಿನಲ್ಲಿ ತೋರಿಸಿದ. ಬೆಳ್ಳಿ ತಟ್ಟೆಯ ಹಾಗೆ ಫಳಫಳ ಅನ್ನುತ್ತಿತ್ತು. "ಇದೇ ಭಾವ, ಇದೇ" ಅಂದೆ ನಾನು.

"ಇದು ಕುದ್ಯಾಕಿಲ್ವಾ?" ಭಾವ ಕೇಳಿದರು.

"ಮೂರ್ರಲ್ಲಿ ಇದೇ ಜಾಸ್ತಿ ತಣ್ಣಗಿಡ್ತದೆ ಸಾ."

"ಅಂಗಾದ್ರೆ ಇದ್ನೇ ತರ್ಸು" ಅಂದರು ಭಾವ. ನಾನು ಗೆದ್ದೆ ಅಂದುಕೊಂಡೆ.

ಹಳೆಯದು ಕುದಿದದ್ದು ಯಾಕೆ ಅಂತ ನೋಡಿಬಿಡೋಣ ಅಂತ ಮುತ್ತಯ್ಯ ಅದರ ಬೆಸುಗೆಗೆ ಬೆಂಕಿ ತೋರಿಸಿ ಮೇಲಿನ ಟ್ಯಾಂಕು ಎತ್ತಿದ. ಎತ್ತಿದವನು ಹಾಗೇ ನಿಂತ. ಕೊಳವೆಗಳ ಬಾಯಿಗೆಲ್ಲ ಬಿಳಿಹಸಿರು ಲೋಳೆ ಮೆತ್ತಿಕೊಂಡಿತ್ತು, ಒಂದು ತೊಟ್ಟು ನೀರು ಇಳಿಯಲು ದಾರಿ ಇರಲಿಲ್ಲ.

"ಇದೆನ್ನ ಸಾ ಇದು? ರೇಡಿಯೇಟರ್‌ಗೆ ಗಂಜಿ ಕುಡಿಸಿದ್ದೀರಾ?" ಅಂತ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ನನಗೆ ಪಿತ್ತ ನೆತ್ತಿಗೇರಿತು. ಹೊಟ್ಟೆಕಿಚ್ಚಿಗೆ ಯಾರೋ ಬೇಕಂತಲೇ ಮಾಡಿದ ಕೆಲಸ ಇದು ಅಂತ ಬೀದಿಯವರ ಹೆಸರನ್ನೆಲ್ಲ ಒಂದೊಂದಾಗಿ ತೆಗೆದು ಬೈಯತೊಡಗಿದೆ. ಭಾವ ನನ್ನನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಲೋಳೆಯನ್ನು ಚಿಟಿಕೆಯಷ್ಟು ತೆಗೆದು ಬೆರಳಿನಲ್ಲಿ ಉಜ್ಜಿದರು, ದಾರಕ್ಕೆ ಗಂಜಿ ಹತ್ತಿದೆಯೋ ಇಲ್ಲವೋ ಅಂತ ನೋಡುವ ಹಾಗೆ. ಆಮೇಲೆ ಮೂಗಿನ ಹತ್ತಿರ ಹಿಡಿದರು. ಆ ಬೆರಳನ್ನು ನನ್ನ ಮುಂದೆಯೂ ಚಾಚಿದರು. ಮೆಂತ್ಯದ ವಾಸನೆ.

ನೇಯುವವರ ಮನೆಗಳಲ್ಲಿ ಗಂಜಿ ಒಂದೊಂದು ಕಡೆ ಒಂದೊಂದು ತರ. ನಮ್ಮಮ್ಮ ಅಕ್ಕಿ ಗಂಜಿಗೆ ಮೆಂತ್ಯ ನೆನೆಸಿದ ನೀರು ಬೆರೆಸುತ್ತಿದ್ದಳು, ಎಳೆ ನುಣ್ಣಗೆ ಕೂರುತ್ತದೆ ಅಂತ. ಅದನ್ನು ಆ ಬೀದಿಗೆ ತಂದವಳು ನಮ್ಮಕ್ಕ. ಅಲ್ಲಿ ಹಾಗೆ ಮಾಡುವವರು ಬೇರೆ ಯಾರೂ ಇಲ್ಲ.

ಭಾವ ಅಲ್ಲೇ ಬಿದ್ದಿದ್ದ ಲಾರಿ ಟೈರಿನ ಮೇಲೆ ಕೂತರು. ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ ಹೇಳಿದರು: "ದಾರ ಕಿತ್ತೋಗ್ಬಾರ್ದು ಅಂತ್ಲೇ ಅಲ್ವೇನ್ಲಾ ನಾವ್ ಗಂಜಿ ಆಕಾದು? ಇದೂ ಅಂಗೇ ನಿಂತ್ಕತದೆ ಅನ್ಕಂಡವ್ಳೆ. ನಾನ್ ದಿನಾ ಸಪ್ಪಗ್ ಕೂತಿರಾದ್ ನೋಡಾಕಾಗ್ದೆ, ಬೆಳಗಾಗಾಕ್ ಮುಂಚೆ ಎದ್ದು ಮುಚ್ಚಳ ಬಿಚ್ಚಿ ಉಯ್ದವ್ಳೆ." ಅವರ ಕಣ್ಣು ತುಂಬಿತ್ತು. "ಅವ್ಳಿಗೆ ಎದ್ರಿಕೆ ಅಲ್ಲ ಕಣ್ಲಾ. ತನ್ನಿಂದ ಕೆಟ್ಟೋಯ್ತು ಅಂತ ಅತ್ತಾಕಿಲ್ಲ ಅಂತಾವ್ಳೆ. ನಂಗೆ ತಿಳೀಲೇ ಇಲ್ವಲ್ಲ."

ನನಗೂ ಅಳು ಬಂತು. ಆದರೆ ಅಕ್ಕ ಮಾಡಿದ ಕೆಲಸ ನೆನೆದು ಅದರ ಜೊತೆಗೆ ನಗುವೂ ಬಂತು.

ಭಾವ ಎದ್ದು ಮುಖ ಒರೆಸಿಕೊಂಡು ಮುತ್ತಯ್ಯನ ಹತ್ತಿರ ಹೋದರು. "ಆ ಫಳಫಳ ಅನ್ನಾದು ಇರ್ಲಿ. ಈಗೊಂದ್ ಮಾತೇಳು. ನಾಳೆ ಯಾರಾರ ಇನ್ನೊಂದ್ಸಲ ಗಂಜಿ ಉಯ್ದ್ರೆ, ಈ ಮೂರ್ರಲ್ಲಿ ಬಿಚ್ಚಿ ತೊಳ್ಯಾಕಾಗಾದು ಯಾವ್ದು?"

ಮುತ್ತಯ್ಯ ಕಣ್ಣು ಕಣ್ಣು ಬಿಟ್ಟ. "ರೇಡಿಯೇಟರ್‌ಗೆ ಯಾರ್ ಸಾ ಗಂಜಿ ಉಯ್ತಾರೆ?"

"ಉಯ್ತಾರೆ ಕಣಪ್ಪ. ನಮ್ಮನೇಲಿ ಉಯ್ತಾರೆ."

ಅವನು ಯೋಚಿಸಿ ಹೇಳಿದ. ಪ್ಲಾಸ್ಟಿಕ್ಕಿನದನ್ನು ಬಿಚ್ಚಿದರೆ ಅದು ಮತ್ತೆ ಮೊದಲಿನ ಹಾಗೆ ಬಿಗಿಯಾಗಿ ಕೂರುವುದಿಲ್ಲ. ವೆಲ್ಡಿಂಗಿನದನ್ನು ಕೊಯ್ಯಬೇಕು, ಮತ್ತೆ ಹಾಗೆ ಕೂಡಿಸಲು ತನ್ನ ಕೈಯಲ್ಲಿ ಆಗುವುದಿಲ್ಲ. ಹಿತ್ತಾಳೆ ತಾಮ್ರದ್ದು ಮಾತ್ರ ಎಷ್ಟು ಸಲ ಬೇಕಾದರೂ ಬೆಸುಗೆ ಬಿಚ್ಚಿ, ಕೊಳವೆಗೆಲ್ಲ ಕಡ್ಡಿ ಹಾಕಿ ತೊಳೆದು, ಮತ್ತೆ ಬೆಸೆಯಬಹುದು. "ಇದು ಏನ್ ಮಾಡಿದ್ರೂ ತಾಳ್ಕೊಳ್ಳುತ್ತೆ ಸಾ. ಬೇಕಿದ್ರೆ ಕೊಳವೆ ಒಂದ್ ಸಾಲು ಜಾಸ್ತಿ ಹಾಕ್ತೀನಿ, ಬೆಟ್ಟಾನೂ ಹತ್ತುತ್ತೆ."

"ಅದೇ ಆಕು" ಅಂದರು ಭಾವ.

ವಾಪಸ್ಸು ಬರುವಾಗ ನನಗೆ ಒಂದೇ ಮಾತು ಹೇಳಿದರು: "ಮನೇಲಿ ಬಾಯ್ ಬುಟ್ಟೀಯ, ಉಸಾರು." ಹಗಲೆಲ್ಲ "ರೈಟ್ ರೈಟ್" ಅಂತ ಕೂಗುವುದೇ ಕಸುಬಾದವನು ನಾನು. ಆ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನಾನು ಪಟ್ಟ ಪಾಡು ನನಗೇ ಗೊತ್ತು. ಅಕ್ಕ ಊಟಕ್ಕೆ ಬಡಿಸುವಾಗ ನಾನು ತಲೆ ಎತ್ತಿ ನೋಡುತ್ತಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಹೊಸ ಕೋರಿನ ರೇಡಿಯೇಟರ್ ಕೂತಿತು. ಬೆಟ್ಟದ ಡ್ಯೂಟಿಯನ್ನು ರಂಗಸ್ವಾಮಿಗೆ ದಾಟಿಸಿ ನಾನು ಬೆಳಿಗ್ಗೆಯೇ ಹೋಗಿದ್ದೆ. ಮಗ್ಗಗಳು ನಿಂತಿದ್ದವು, ಪಕ್ಕದ ಪವರ್‌ಲೂಮೂ ನಿಂತಿತ್ತು. ಮಾತು ಮೆಲ್ಲಗೆ ಆಡಿದರೂ ಕೇಳುವಷ್ಟು ಬೀದಿ ಸುಮ್ಮನಿತ್ತು. ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಭಾವ ಬಾನೆಟ್ ಎತ್ತಿ ನಿಲ್ಲಿಸಿ, "ಬಾರ್ಲಾ ಉಮೇಶ, ಕೂತ್ಕಳಪ್ಪ" ಅಂದರು.

ಕೂತೆ! ಸೀಟು ಎಷ್ಟು ತಗ್ಗಿನಲ್ಲಿತ್ತು ಅಂದರೆ ನೆಲದ ಮೇಲೇ ಕಾಲು ಚಾಚಿದ ಹಾಗಾಯಿತು. ಸೀಟಿನ ಸಂದಿಯಲ್ಲಿ ಅಕ್ಕನ ಹೇರ್‌ಪಿನ್ನು ಒಂದು, ಒಣಗಿ ಕಂದಿದ ಮಲ್ಲಿಗೆ ಒಂದಿಷ್ಟು. ಎದುರು ಜಗಲಿಯಿಂದ ಮಹಾಲಕ್ಷ್ಮಮ್ಮ ನೋಡುತ್ತಿದ್ದಳು, ನಾನು ಎದೆ ಉಬ್ಬಿಸಿ ಕೂತೆ.

ಆಗ ಭಾವ ಮನೆಯ ಕಡೆ ತಿರುಗಿ ಕೂಗಿದರು.

"ದೇವಿ!"

ಒಳಗೆ ಪಾತ್ರೆಯ ಸದ್ದು ನಿಂತಿತು. ಮಹಾಲಕ್ಷ್ಮಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಮೊಟ್ಟಮೊದಲ ಸಲ ಬಸವಯ್ಯ ಹೆಂಡತಿಯ ಹೆಸರನ್ನು ಬೀದಿಯಲ್ಲಿ ಕೂಗಿದ್ದರು. ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಅವರು ಚೊಂಬನ್ನು ಅವಳ ಕಡೆ ಚಾಚಿದರು.

"ಬಾ ಇಲ್ಲಿ. ನೀರ್ ನೀನೇ ಉಯ್ಯಿ."

ಅಕ್ಕ ಚೊಂಬು ಮುಟ್ಟಲಿಲ್ಲ. ರೇಡಿಯೇಟರಿನ ತೆರೆದ ಬಾಯಿಯನ್ನೇ ನೋಡುತ್ತ ನಿಂತಳು. ಆಮೇಲೆ ಬಿಕ್ಕಳಿಸಿ, "ಆವತ್ತು ಅದ್ಕೆ ಗಂಜಿ ಉಯ್ದೋಳು ನಾನೇ ಕಣ್ರಿ" ಅಂದಳು.

"ಗೊತ್ತು."

"ಯಾರೇಳುದ್ರು? ಇವ್ನಾ?" ಅಂತ ನನ್ನ ಕಡೆ ಕಣ್ಣು ಬಿಟ್ಟಳು. ನಾನು ಮಾದಪ್ಪನಾಣೆ ಇಲ್ಲ ಅಂತ ಎರಡೂ ಕೈ ಎತ್ತಿದೆ.

"ಮೆಂತ್ಯ ಏಳ್ತು" ಅಂದರು ಭಾವ.

"ಗೊತ್ತಿದ್ರೂ ಒಂದ್ ಮಾತ್ ಬಯ್ನಿಲ್ವಲ್ಲ ನೀವು."

"ಬಯ್ಯಾದೇನು? ಬಿಚ್ಚಿ ತೊಳ್ಯೋ ಅಂತದ್ನೇ ಆಕ್ಸಿವ್ನಿ. ಬೇಕಾರೆ ಇನ್ನೊಂದ್ಸಲ ಉಯ್ಯಿ."

ಅಕ್ಕ ಅಳುತ್ತಲೇ ನಕ್ಕಳು. ಚೊಂಬು ಇಸಿದುಕೊಂಡು, ಹಾಸಿಗೆ ಗಂಜಿ ಚಿಮುಕಿಸುವಷ್ಟೇ ಎಚ್ಚರದಿಂದ, ಒಂದು ಹನಿ ಹೊರಗೆ ಚೆಲ್ಲದೆ ನೀರು ಹುಯ್ದಳು. ಭಾವ ಮುಚ್ಚಳ ತಿರುಗಿಸಿ ಬಾನೆಟ್ ಇಳಿಸಿದರು. ಅಕ್ಕ ಸೀರೆಗೆ ಕೈ ಒರೆಸಿಕೊಂಡು, ಸೆರಗು ತಲೆಗೆ ಬಿಗಿದುಕೊಂಡು, ಸುತ್ತಿ ಬಂದು ನನ್ನ ಬಾಗಿಲ ಪಕ್ಕ ನಿಂತಳು. ತನ್ನ ಸೀಟಿನಲ್ಲಿ ಬೇರೆಯವರು ಕೂತಾಗ ಜನ ಹೇಗೆ ನಿಲ್ಲುತ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನೇ ಬಾಗಿಲು ತೆಗೆದು ಇಳಿದೆ, ಅವಳು ಕೂತ ಮೇಲೆ ನಾನೇ ಹಾಕಿದೆ. ಕಾರಿನ ಬೆನ್ನು ತಟ್ಟಿ "ರೈಟ್" ಅಂದೆ.

ಕಾರು ಬೀದಿಯ ಕೊನೆಯವರೆಗೆ ಹೋಗಿ ಯಳಂದೂರಿನ ದಾರಿಗೆ ತಿರುಗಿತು. ಟಾಪು ಮಡಿಸಿದ್ದರಿಂದ ಇಬ್ಬರ ತಲೆಗಳೂ ಕಾಣುತ್ತಿದ್ದವು. ಅಕ್ಕ ಭಾವನ ಕಡೆ ತಿರುಗಿ ಏನೋ ಹೇಳುತ್ತಿದ್ದಳು, ಭಾವ ತಲೆ ಬಗ್ಗಿಸಿ ಕೇಳುತ್ತಿದ್ದರು.

ಮಹಾಲಕ್ಷ್ಮಮ್ಮ ಜಗಲಿ ಇಳಿದು ನನ್ನ ಪಕ್ಕಕ್ಕೆ ಬಂದಳು. "ಏನ್ಲಾ ಅದು, ಏನ್ ಮಾತಾಡ್ಕಂಡ್ ಓಯ್ತಾವ್ರೆ?"

"ಕೇಳುಸ್ನಿಲ್ಲ ಕಣಕ್ಕ" ಅಂದೆ. ಕೇಳಿಸಬಾರದು ಅಂತಲೇ ಅಲ್ಲವೇ ಆ ಕಾರು ತಂದದ್ದು.